ಹತ್ತನೆಯವನ ಕೋಟು

ಒಂದಾನೊಂದು ಊರಿನಲ್ಲಿ ಒಂದು ಕೋಟಿತ್ತಂತೆ. ಅದನ್ನು ತೊಟ್ಟವನೇ ಆ ಊರಿನ ಹನ್ನೊಂದು ವೀರರಿಗೆ ಒಡೆಯ. ಆದರೆ ಯಾರೂ ಅದನ್ನು ಹೆಚ್ಚು ದಿನ ತೊಡಲಿಲ್ಲ. ಒಬ್ಬನ ಮೈಯ ಬಿಸಿ ಆರುವ ಮುಂಚೆಯೇ ಅದು ಇನ್ನೊಬ್ಬನ ಹೆಗಲೇರುತ್ತಿತ್ತು. ಕಥೆ ಹೇಳುವ ಅಜ್ಜಿಯಾದರೆ ಇಲ್ಲಿಗೆ ನಿಲ್ಲಿಸಿ, ಮಕ್ಕಳು ಹೂಂಗುಟ್ಟಲಿ ಎಂದು ಕಾಯುತ್ತಿದ್ದಳು. ಈ ಕೋಟು ಮಾತ್ರ ಮಂಗಳವಾರ ಸಂಜೆ ಐದೂವರೆಯ ಬೆಳಕಿನಲ್ಲಿ, ರಸ್ತೆಯಿಂದ ಎರಡು ಮೆಟ್ಟಿಲು ಮೇಲಿದ್ದ ಹೊಲಿಗೆ ಅಂಗಡಿಯ ಮೇಜಿನ ಮೇಲೆ ಮಗುಚಿ ಬಿದ್ದಿತ್ತು. ಅದರ ಎಡ ಎದೆಯ ಮೇಲಿನ ಎರಡಕ್ಷರಗಳನ್ನು ದರ್ಜಿ ಹೆಂಗಸು ಬ್ಲೇಡಿನ ತುದಿಯಿಂದ ಒಂದೊಂದೇ ಎಳೆಯಾಗಿ ಬಿಚ್ಚುತ್ತಿದ್ದಳು.

ಹೊರಗಿನ ಬೆಂಚಿನ ಮೇಲೆ ಊರಿನ ಫುಟ್ಬಾಲ್ ತಂಡದ ಭವಿಷ್ಯ ನಿರ್ಧಾರವಾಗುತ್ತಿತ್ತು.

"ಬಂದರಿನ ತಂಡ ಬಿಟ್ಟ ಗಡ್ಡದವನಿದ್ದಾನಲ್ಲ, ಅವನೇ ಬರೋದು. ಬರೆದಿಟ್ಕೊಳ್ಳಿ," ಎಂದ ಬಸ್ ಕಂಡಕ್ಟರ್.

"ಅವನೆಲ್ಲಿ ಬರ್ತಾನೆ? ಅವನ ಹೆಂಡತಿಗೆ ನಮ್ಮೂರಿನ ನೀರು ಒಗ್ಗಲ್ವಂತೆ," ಎಂದ ಕಟಿಂಗ್ ಶಾಪಿನವನು.

"ನಿಂಗ್ ಹ್ಯಾಗೆ ಗೊತ್ತು?"

"ಅವನ ಷಡ್ಡಕನ ಕೂದಲು ಕತ್ತರಿಸೋನು ನಾನೇ ಕಣಪ್ಪ."

"ಅಷ್ಟೊಂದು ಕೈಚಳಕ ಇದ್ರೆ ಮೊದಲು ನಮ್ಮ ಡಿಫೆನ್ಸ್‌ನವರ ಕೂದಲು ಕತ್ತರಿಸು ಮಹರಾಯ. ಬಾಲು ಬಂದ್ರೂ ಕಾಣಲ್ಲ ಅವಕ್ಕೆ."

ನಿವೃತ್ತ ಭೂಗೋಳದ ಮೇಷ್ಟ್ರು ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಕುಳಿತಿದ್ದರು. ಕುಡಿಯುತ್ತಿರಲಿಲ್ಲ. "ಯಾರು ಬಂದ್ರೇನಪ್ಪ. ಗಾಡಿ ಹೊಳೇಲಿ ಮುಳುಗಿದೆ. ನಾವು ದಡದಲ್ಲಿ ಕೂತು, ಗಾಡಿ ಹೊಡೆಯೋನು ಯಾರಾಗ್ಬೇಕು ಅಂತ ಜಗಳ ಆಡ್ತಿದ್ದೀವಿ."

ಹದಿನೆಂಟು ಆಟಗಳಲ್ಲಿ ಎರಡು ಗೆಲುವು. ಪಟ್ಟಿಯಲ್ಲಿ ಅವರ ಕೆಳಗೆ ಯಾರೂ ಇರಲಿಲ್ಲ. ಒಂಬತ್ತನೆಯ ಮ್ಯಾನೇಜರು ಭಾನುವಾರದ ಸೋಲಿನ ನಂತರ ಯಾರಿಗೂ ಹೇಳದೆ, ಕೋಟನ್ನು ಬಟ್ಟೆ ಬದಲಿಸುವ ಕೋಣೆಯ ಮೊಳೆಗೆ ನೇತುಹಾಕಿ ಹೊರಟುಹೋಗಿದ್ದ. ಆ ಕಡುನೀಲಿ ಉಣ್ಣೆಯ ಕೋಟು ತೊಟ್ಟಿದ್ದ ಮ್ಯಾನೇಜರನ ಕಾಲದಲ್ಲೇ ಕ್ಲಬ್ಬು ಒಮ್ಮೆ, ಒಮ್ಮೆ ಮಾತ್ರ, ಕಪ್ ಗೆದ್ದಿತ್ತು. ಅಂದಿನಿಂದ ಬಂದವರೆಲ್ಲ ಅದನ್ನೇ ತೊಡಬೇಕು, ಎದೆಯ ಮೇಲೆ ತಮ್ಮ ಹೆಸರಿನ ಎರಡಕ್ಷರ ಹೊಲಿಸಿಕೊಳ್ಳಬೇಕು. ಮೊದಮೊದಲು ಈ ಕೆಲಸ ದರ್ಜಿಯ ತಾಯಿಯದು. ಏಳು ವರ್ಷಗಳಿಂದ ಇವಳದು. ಹೊಸ ಹೆಸರು ಪತ್ರಿಕೆಗಿಂತ ಮೊದಲು ತಿಳಿಯುವುದು ಇವಳಿಗೇ. ಹಾಗಾಗಿ ಮ್ಯಾನೇಜರ್ ಓಡಿಹೋದಾಗಲೆಲ್ಲ ಈ ಬೆಂಚು ತುಂಬುತ್ತಿತ್ತು. ಅಕ್ಷರ ಮುಗಿಯುವವರೆಗೆ ಒಳಗೆ ಇಣುಕಬಾರದು ಎಂಬುದು ಅವಳ ಕಟ್ಟಪ್ಪಣೆ. ಇಣುಕುತ್ತಿರಲಿಲ್ಲ, ಊಹಿಸುತ್ತಿದ್ದರು.

"ನಮ್ ಕೀಪರಣ್ಣನ್ನೇ ಮಾಡಿಬಿಟ್ರೆ?" ಎಂದ ಕಂಡಕ್ಟರ್, ಬೆಂಚಿನ ತುದಿಯಲ್ಲಿ ಕುಳಿತವನ ತೊಡೆಗೆ ಹೊಡೆದು.

"ಸುಣ್ಣದ ಕೈಯವನಿಗೆ ಆ ಕೋಟು ಕೊಟ್ರೆ ಮಾರನೇ ದಿನ ಕೋಟೂ ಬೆಳ್ಳಗಾಗಿರುತ್ತೆ," ಎಂದ ಕಟಿಂಗ್ ಶಾಪಿನವನು.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಕೀಪರಣ್ಣನೇ. ಅವನು ದರ್ಜಿಯ ಒಡಹುಟ್ಟಿದ ಅಣ್ಣ. ಇಪ್ಪತ್ತೆರಡರ ಹರೆಯದಲ್ಲಿ ಮಂಡಿ ಮುರಿದುಕೊಂಡು ಗೋಲು ಕಾಯುವುದನ್ನು ಬಿಟ್ಟವನು, ಅಂದಿನಿಂದ ಅದೇ ಮೈದಾನದಲ್ಲಿ ಹುಲ್ಲು ಕತ್ತರಿಸಿಕೊಂಡು, ಸುಣ್ಣದ ಗೆರೆ ಎಳೆದುಕೊಂಡು ಇದ್ದ. ಒಳಗೆ ಅವಳ ಬ್ಲೇಡು ನಿಂತಿತು. ಉಳಿದವರ ನಗು ಮುಗಿದ ಮೇಲೂ ಅಣ್ಣನದು ಒಂದಿಷ್ಟು ಹೊತ್ತು ಒಂಟಿಯಾಗಿ ಮುಂದುವರಿದದ್ದು ಅವಳಿಗೆ ಕೇಳಿಸಿತು.

ಪ್ರತಿ ಮ್ಯಾನೇಜರ್ ಹೋದ ಮಾರನೆಯ ಬೆಳಿಗ್ಗೆ ಅವನು ಒಂದು ಅರ್ಜಿ ಬರೆಯುತ್ತಿದ್ದ. ಗೆರೆ ಹಾಳೆಯಲ್ಲಿ, ಯಾವ ಆಟಗಾರ ಎಲ್ಲಿ ನಿಲ್ಲಬೇಕೆಂಬ ಚಿತ್ರದ ಸಮೇತ. ಬರೆದು, ತಂಗಿಗೆ ಓದಿ ಹೇಳಿ, ಕ್ಲಬ್ಬಿನ ಕಚೇರಿಯ ಬಾಗಿಲ ಸಂದಿಯಲ್ಲಿ ತೂರಿಸಿ ಬರುತ್ತಿದ್ದ. ಒಂಬತ್ತು ಅರ್ಜಿ. ಬೇಡ ಎಂಬ ಉತ್ತರವೂ ಬಂದಿರಲಿಲ್ಲ. ಬೆಂಚಿನವರಿಗೆ ಇದು ಗೊತ್ತಿರಲಿಲ್ಲ.

ಅವಳು ಹನ್ನೆರಡರ ಹುಡುಗಿಯಾಗಿ ತಾಯಿಯ ಪಕ್ಕ ಕುಳಿತು ಗುಂಡಿಯ ಕಾಜ ಹೊಲಿಯುವುದನ್ನು ಕಲಿಯುತ್ತಿದ್ದಾಗ, ಕೋಟು ಹೀಗೆಯೇ ಮೇಜಿನ ಮೇಲಿತ್ತು. ಮಂಡಿಗೆ ಪಟ್ಟಿ ಬಿಗಿದುಕೊಂಡಿದ್ದ ಅಣ್ಣ ಗೋಡೆ ಹಿಡಿದು ಬಂದು, "ಒಂದಿನ ಇದನ್ನ ನಾನು ಹಾಕ್ಕೊಳ್ತೀನಿ ಪುಟ್ಟಿ. ನನ್ನ ಹೆಸರು ನೀನೇ ಹೊಲೀಬೇಕು," ಎಂದಿದ್ದ. ಅವನು ಇನ್ನೆಂದೂ ಆಡಲಾರನೆಂದು ವೈದ್ಯರು ಅಂದು ಬೆಳಿಗ್ಗೆಯಷ್ಟೇ ಹೇಳಿದ್ದರು. "ಹೊಲೀತೀನಣ್ಣ. ಅಮ್ಮನಾಣೆ. ಯಾರ ಕೈಲೂ ಬಿಚ್ಚೋಕಾಗಬಾರ್ದು, ಹಾಗೆ ಹೊಲೀತೀನಿ," ಎಂದು ಅವಳು ತಾಯಿಯ ತಲೆ ಮುಟ್ಟಿದ್ದಳು. ತಾಯಿ ತಲೆಯೆತ್ತದೆ, "ಮೊದಲು ಕಾಜ ನೆಟ್ಟಗೆ ಹೊಲಿ," ಎಂದಿದ್ದಳು.

ಈಗ ಅಕ್ಷರ ಹೊಲಿಯುವಾಗ ಅವಳು ಗಂಟು ಹಾಕುತ್ತಿರಲಿಲ್ಲ. ದಾರದ ತುದಿಯನ್ನು ಒಳಗೆ ಸಡಿಲವಾಗಿ ಬಿಡುತ್ತಿದ್ದಳು. ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಬಿಚ್ಚುವವಳು ತಾನೇ ತಾನೆ? ಆದರೂ ಬಟ್ಟೆ ಸೋತುಹೋಗಿತ್ತು. ಕಿಟಕಿಗೆ ಹಿಡಿದರೆ ಎಡ ಎದೆಯ ಭಾಗ ಜರಡಿಯಂತೆ ಕಾಣುತ್ತಿತ್ತು; ಹೋದವರೆಲ್ಲರ ತೂತುಗಳಲ್ಲಿ ಸಂಜೆಯ ಬೆಳಕು ಚುಕ್ಕೆಚುಕ್ಕೆಯಾಗಿ ಇಣುಕುತ್ತಿತ್ತು.

ಅಂದು ಮಧ್ಯಾಹ್ನ ಬೆಂಚು ಖಾಲಿಯಿದ್ದ ಹೊತ್ತಿನಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಕೋಟು ತಂದಿದ್ದರು. ಕುಳಿತುಕೊಳ್ಳಲಿಲ್ಲ. ಎರಡಕ್ಷರ ಹೇಳಿದರು. ಅವಳಿಗೆ ತಾನು ತಪ್ಪಾಗಿ ಕೇಳಿಸಿಕೊಂಡೆನೇನೋ ಎನಿಸಲಿಲ್ಲ. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು.

"ನಮ್ಮಣ್ಣಂದಾ?"

"ಹೂಂ. ಅವನಿಗೆ ಈಗಲೇ ಹೇಳಬೇಡಮ್ಮ. ನಾಳೆ ಬೆಳಿಗ್ಗೆ ನಾನೇ ಕರೆಸಿ ಹೇಳ್ತೀನಿ." ಅವಳ ಮುಖ ಅರಳಿದ್ದನ್ನು ನೋಡಿ ಅವರು ಕನ್ನಡಕ ತೆಗೆದು ಒರೆಸತೊಡಗಿದರು. "ನೋಡು, ನಿನ್ನ ಹತ್ರ ಮುಚ್ಚಿಟ್ಟು ಏನಾಗ್ಬೇಕು. ಏಳು ಜನರನ್ನ ಕೇಳಿದ್ವಿ. ಮುಚ್ಚಿಹೋಗೋ ಕ್ಲಬ್ಬಿಗೆ ಯಾರು ಬರ್ತಾರೆ? ಇನ್ನು ನಾಲ್ಕು ಆಟ. ಆಮೇಲೆ ಕ್ಲಬ್ಬಿಲ್ಲ. ಮೈದಾನ ಬಸ್ ಡಿಪೋಗೆ ಹೋಗುತ್ತೆ, ಸಹಿ ಆಗಿದೆ. ಆದರೆ ಲೀಗಿನವರ ಕಾಗದದಲ್ಲಿ ಮ್ಯಾನೇಜರ್ ಅಂತ ಒಂದು ಹೆಸರು ಇರಲೇಬೇಕು. ನಿಮ್ಮಣ್ಣ ಹ್ಯಾಗೂ ಅಲ್ಲೇ ಇರ್ತಾನಲ್ಲ."

ಅವಳು ಕೋಟನ್ನು ಮೇಜಿನ ಮೇಲೆ ಮಗುಚಿ ಹಾಕಿದಳು.

"ಕೊನೇ ಆಟ ಮುಗಿಯೋವರೆಗೆ ಇದು ಹೊರಗೆ ಬರಬಾರದು. ಹುಡುಗರಿಗೆ ಗೊತ್ತಾದರೆ ಮೈದಾನಕ್ಕೇ ಇಳಿಯಲ್ಲ. ನಿಮ್ಮಣ್ಣನಿಗೂ ಹೇಳಬೇಡ, ಪಾಪ." ಮೆಟ್ಟಿಲಿಳಿಯುತ್ತ ತಿರುಗಿ, "ಎರಡೂ ಪಕ್ಕ ಸ್ವಲ್ಪ ಹಿಡಿಯಮ್ಮ. ಅವನಿಗೆ ದೊಡ್ಡದಾಗುತ್ತೆ," ಎಂದು ಹೇಳಿ ಹೋಗಿದ್ದರು.

ಅತ್ತಿಗೆ ತೀರಿಕೊಂಡ ಮೇಲೆ ಅಣ್ಣ ಇಳಿದುಹೋಗಿದ್ದ. ಕೋಟಿನ ಪಕ್ಕಗಳನ್ನು ಒಂದೊಂದು ಇಂಚು ಹಿಡಿಯಬೇಕಿತ್ತು. ಕೊನೆಯ ಎಳೆ ಕಿತ್ತು, ಕೋಟನ್ನು ಮಷಿನ್ನಿಗೆ ಕೊಟ್ಟು ಅವಳು ತುಳಿಯತೊಡಗಿದಾಗ ಬೆಂಚಿನಲ್ಲಿ ಮಾತು ನಿಂತಿತು.

"ಮಷಿನ್ನು! ಅಕ್ಷರಕ್ಕೆ ಮಷಿನ್ ಯಾಕೆ?" ಎಂದ ಕಂಡಕ್ಟರ್ ಪಿಸುದನಿಯಲ್ಲಿ. "ಅಕ್ಕ, ಇಣುಕ್ತಿಲ್ಲ, ಸುಮ್ನೆ ಕೇಳ್ತಿದ್ದೀನಿ. ಬಿಡ್ತಿದ್ದೀಯೋ, ಹಿಡೀತಿದ್ದೀಯೋ?"

ಬಾಯಿ ತಪ್ಪಿ, "ಹಿಡೀತಿದ್ದೀನಿ," ಎಂದುಬಿಟ್ಟಳು.

"ಹಾಗಾದ್ರೆ ಸಣಕಲ!" ಕಟಿಂಗ್ ಶಾಪಿನವನು ಎದ್ದೇ ನಿಂತ. "ಗಡ್ಡದವನಲ್ಲ, ಅವನಿಗೆ ಈ ಕೋಟು ಹೊಟ್ಟೆ ಮೇಲೆ ಮುಚ್ಚೋದೇ ಇಲ್ಲ. ಸಣಕಲರು ಯಾರ್ಯಾರಿದ್ದಾರೆ ಹೇಳಿ."

ಸಣಕಲರ ಪಟ್ಟಿ ಶುರುವಾಯಿತು. ಗಾಜಿನ ಕಾರ್ಖಾನೆ ತಂಡದ ಹಳೆಯ ಕೋಚು. ಸೇತುವೆಯಾಚೆಯ ಊರಿನ, ಸಿಗರೇಟಿನಷ್ಟೇ ತೆಳ್ಳಗಿದ್ದು ಸಿಗರೇಟನ್ನೇ ಸೇದುವವನು. ಸಸ್ಯಾಹಾರ ಬಿಟ್ಟು ಬೇರೆ ಮಾತಾಡದ ಇನ್ನೊಬ್ಬ. ಮೇಷ್ಟ್ರು ಕೂಡ ಚಹಾ ಕೆಳಗಿಟ್ಟು ಒಂದು ಹೆಸರು ಸೇರಿಸಿದರು. ಎಲ್ಲರ ದನಿಯಲ್ಲೂ ಎಷ್ಟೋ ವಾರಗಳಿಂದ ಇಲ್ಲದಿದ್ದ ಹುರುಪು. ಬೆಂಚಿನ ತುದಿಯಲ್ಲೇ ಒಬ್ಬ ಸಣಕಲ ಕುಳಿತಿದ್ದಾನೆಂಬುದು ಯಾರ ತಲೆಗೂ ಹೊಳೆಯಲಿಲ್ಲ. ಅವನ ತಲೆಗೂ ಹೊಳೆಯಲಿಲ್ಲ.

"ಗಾಜಿನ ಕಾರ್ಖಾನೆಯವನೇ ಇರಬೇಕು," ಎಂದ ಕೀಪರಣ್ಣ ನಿಧಾನವಾಗಿ. "ಒಳ್ಳೇ ಮನುಷ್ಯ. ತಿಳಿದೋನು." ಎದ್ದು, ಸುಣ್ಣ ಮೆತ್ತಿದ ಚಪ್ಪಲಿಗಳನ್ನು ಮೆಟ್ಟಿಲಿಗೆ ಬಡಿದು, "ಬರ್ತೀನಿ ಪುಟ್ಟಿ," ಎಂದು ಒಳಗೆ ನೋಡದೆಯೇ ಹೊರಟುಹೋದ. ಅವನು ಬಾಯಿ ತೆರೆದಾಗಲೇ ಒಳಗೆ ಮಷಿನ್ನು ನಿಂತಿತ್ತು. ಯಾವ ಮಾತು ಹೇಳುವುದು? ಒಂದನ್ನು ಹೇಳಿದರೆ ಅದರ ಬಾಲ ಹಿಡಿದು ಇನ್ನೊಂದೂ ಹೊರಗೆ ಬರುತ್ತದೆ.

ಮಾರನೆಯ ದಿನ ಹನ್ನೊಂದು ಗಂಟೆಗೆ ಸುದ್ದಿ ಅವನಿಗಿಂತ ಮೊದಲೇ ಬೆಂಚಿಗೆ ತಲುಪಿತ್ತು. ಅವನು ರಸ್ತೆಯ ತಿರುವಿನಲ್ಲಿ ಕಾಣಿಸಿದಾಗ ಮೂವರೂ ಎದ್ದು ನಿಂತರು. ಏನು ಮಾಡಬೇಕೆಂದು ತಿಳಿಯದೆ ಕಟಿಂಗ್ ಶಾಪಿನವನು ಚಪ್ಪಾಳೆ ತಟ್ಟಿದ. ಜೊತೆಗೆ ಯಾರೂ ತಟ್ಟದಿದ್ದಾಗ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ.

"ನಿನ್ನೆ ತಮಾಷೆಗೆ ಅಂದಿದ್ದು ಕೀಪರಣ್ಣ. ಮನಸ್ಸಿಗೆ ಹಚ್ಕೋಬೇಡ," ಎಂದ ಕಂಡಕ್ಟರ್.

"ಹಚ್ಕೊಂಡಿಲ್ಲ ಕಣೋ. ಸುಣ್ಣ ಹಚ್ಚೋಕೇ ಪುರುಸೊತ್ತಿಲ್ಲ ನಂಗೆ," ಎಂದು ಅವನು ಒಳಗೆ ಬಂದು, ಬಾಗಿಲನ್ನು ಅರ್ಧ ಮುಂದಕ್ಕೆಳೆದ.

ಕ್ಷೌರ ಮಾಡಿಸಿಕೊಂಡಿದ್ದ. ಶರಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದ. ಸ್ಟೂಲಿನ ಮೇಲೆ ಕುಳಿತು, ಮಂಡಿಯ ಮೇಲೆ ಅಂಗೈ ಇಟ್ಟುಕೊಂಡ. ಅವಳು ತೂತುಬಿದ್ದ ಭಾಗದ ಹಿಂದೆ ಕ್ಯಾನ್ವಾಸಿನ ತುಂಡೊಂದನ್ನು ಇಟ್ಟು, ಸುತ್ತ ಟಾಕು ಹಾಕುತ್ತಿದ್ದಳು. ಅಕ್ಷರ ಇನ್ನೂ ಶುರು ಮಾಡಿರಲಿಲ್ಲ. ರಾತ್ರಿಯೆಲ್ಲ ಆಗದೆ ಉಳಿದ ಕೆಲಸ ಅದು.

"ನಿಂಗೆ ನಿನ್ನೇನೇ ಗೊತ್ತಿತ್ತು," ಎಂದ.

"ಹೂಂ."

"ಗಾಜಿನ ಕಾರ್ಖಾನೆಯವನು ಅಂದಾಗ ನಿನ್ನ ಮಷಿನ್ನು ಗಕ್ಕಂತ ನಿಲ್ತು. ಆಗ ನಂಗೆ ಯಾಕೋ ಅನ್ನಿಸ್ತು." ಮಂಡಿ ಸವರಿಕೊಂಡು, "ಹುಡುಗರಿಗೆ ಹೇಳಿದೆ. ಎಡಗಡೆ ಆಡೋನನ್ನ ಮಧ್ಯಕ್ಕೆ ತರ್ತೀನಿ ಅಂದೆ. ನೀನು ನೋಡಿದ್ದೀಯಲ್ಲ, ಅರ್ಜೀಲಿ ಚಿತ್ರ ಹಾಕಿದ್ದೆ. ಮುಂದಿನ ವರ್ಷ ಗೋಲಿನ ಮುಂದೆ ಹೊಸ ಹುಲ್ಲು ಹಾಕಿಸೋಣ ಅಂತಾನೂ ಅಂದೆ."

ಸೂಜಿ ಅವಳ ಬೆರಳಿಗೆ ಚುಚ್ಚಿತು. ಬೆರಳನ್ನು ಬಾಯಿಗಿಟ್ಟುಕೊಂಡಳು. ಕಣ್ಣು ತುಂಬಿದ್ದಕ್ಕೆ ಅದೇ ನೆಪವಾಯಿತು.

"ಅಣ್ಣ, ಅದು..."

"ಗೊತ್ತು ಪುಟ್ಟಿ."

ಅವಳು ತಲೆಯೆತ್ತಿದಳು.

"ಹೋದ ತಿಂಗಳು ಟೇಪು ಹಿಡ್ಕೊಂಡು ನಾಲ್ಕು ಜನ ಬಂದಿದ್ರು. ಬೆಳ್ಳಂಬೆಳಿಗ್ಗೆ. ನನ್ನ ಕೇಳಿದ್ರು, ನೆಲ ಗಟ್ಟಿ ಇದೆಯಾ, ಬಸ್ಸು ನಿಂತ್ರೆ ಕುಸಿಯಲ್ವಾ ಅಂತ. ಗಟ್ಟಿ ಇದೆ ಸ್ವಾಮಿ ಅಂದೆ. ಇಪ್ಪತ್ತೆಂಟು ವರ್ಷ ರೋಲರ್ ಎಳೆದೋನು ನಾನೇ ಅಲ್ವಾ." ಅವನು ನಗಲು ನೋಡಿದ. "ಬೇರೆ ಯಾರೂ ಸಿಗಲಿಲ್ಲ ಅದಕ್ಕೇ ಕರೆದ್ರು. ಅಷ್ಟೂ ತಿಳಿಯದ ದಡ್ಡನಾ ನಾನು? ಕಾರ್ಯದರ್ಶಿ ನನ್ನ ಮುಖ ನೋಡಿ ಮಾತಾಡಲೇ ಇಲ್ಲ."

"ಹಾಗಿದ್ರೆ ಮುಂದಿನ ವರ್ಷ ಅಂತ ಯಾಕಂದೆ ಹುಡುಗರಿಗೆ?"

"ಮ್ಯಾನೇಜರ್ ಆದೋನು ಹಾಗೇ ಹೇಳಬೇಕಲ್ವಾ."

ಹೊರಗೆ ಒಂದು ಬಸ್ಸು ಹಾದುಹೋಗಿ, ಕಿಟಕಿಯ ಗಾಜು ಸದ್ದು ಮಾಡಿ ಸುಮ್ಮನಾಯಿತು. ಬೇಡವೆನ್ನಬಹುದಿತ್ತಲ್ಲ, ಎಂದು ಕೇಳಬೇಕೆಂದುಕೊಂಡಳು. ಅವನು ಮೇಜಿನ ಮೇಲಿನ ಕೋಟಿನ ತೋಳನ್ನು ಮುಟ್ಟಬೇಕೆಂದು ಕೈ ಚಾಚಿ, ಅಂಗೈ ನೋಡಿಕೊಂಡು, ಪ್ಯಾಂಟಿಗೆ ಉಜ್ಜಿ, ಆಮೇಲೆ ಮುಟ್ಟಿದ್ದನ್ನು ನೋಡಿ ಕೇಳಲಿಲ್ಲ.

"ಹೊಲಿ," ಎಂದ ಅವನು. "ನಾಲ್ಕು ಆಟ ಇದೆ."

ಅವಳು ಬಿಳಿ ದಾರವನ್ನು ಜೋಡೆಳೆ ಮಾಡಿ ಪೋಣಿಸಿದಳು. ಸೀಮೆಸುಣ್ಣದಿಂದ ಎರಡಕ್ಷರ ಬರೆದುಕೊಂಡಳು. ಮೊದಲನೆಯದರ ಸುತ್ತು ಬರುವಾಗ ಪ್ರತಿ ನಾಲ್ಕು ಹೊಲಿಗೆಗೊಮ್ಮೆ ಒಳಗಡೆ ಒಂದು ಗಂಟು ಹಾಕಿ, ಎಳೆದು, ಮತ್ತೊಂದು ಗಂಟು ಹಾಕಿದಳು. ಹೀಗೆ ಹೊಲಿದು ಎಷ್ಟೋ ವರ್ಷವಾಗಿದ್ದರಿಂದ ಬೆರಳು ನೋಯುತ್ತಿತ್ತು. ಕ್ಯಾನ್ವಾಸು ದಪ್ಪವಾಗಿದ್ದು ಸೂಜಿ ಸಲೀಸಾಗಿ ಇಳಿಯುತ್ತಿರಲಿಲ್ಲ. ಬೆರಳಿಗೆ ತೊಟ್ಟ ಅಂಗುಸ್ತಾನದಿಂದ ಒತ್ತಿ ಒತ್ತಿ ಇಳಿಸಿದಳು. ಅಣ್ಣ ಸ್ಟೂಲಿನ ಮೇಲೆ ಅಲ್ಲಾಡದೆ, ಫೋಟೋಗೆ ಕುಳಿತವನಂತೆ ಕುಳಿತಿದ್ದ.

ಅರ್ಧ ತೆರೆದ ಬಾಗಿಲಾಚೆ ಬೆಂಚಿನ ಮಾತು ಮತ್ತೆ ಏರತೊಡಗಿತ್ತು.

"ಇದೆಲ್ಲ ನಾಲ್ಕು ಆಟಕ್ಕೆ ಕಣೋ. ಆಮೇಲೆ ನಿಜವಾದ ಮ್ಯಾನೇಜರ್‌ನ ತರ್ತಾರೆ."

"ಗಡ್ಡದವನು?"

"ಗಡ್ಡದವನೇ. ಮುಂದಿನ ವರ್ಷ ಅವನ ಹೆಂಡತೀನ ಒಪ್ಪಿಸ್ತಾರೆ, ನೋಡ್ತಿರು."

"ಮೇಷ್ಟ್ರೇ, ನೀವೇನಂತೀರಿ? ಮುಂದಿನ ವರ್ಷ ಯಾರು?"

ಮೇಷ್ಟ್ರು ಏನೆಂದರೋ ಕೇಳಿಸಲಿಲ್ಲ. ಅವಳು ಎರಡನೆಯ ಅಕ್ಷರದ ಬಾಲವನ್ನು ಮುಗಿಸಿ, ಕೋಟನ್ನು ಮಗುಚಿ, ದಾರವನ್ನು ತನ್ನದೇ ಕುಣಿಕೆಯೊಳಗೆ ಮೂರು ಸಲ ಹಾಯಿಸಿ ಬಿಗಿಯಾಗಿ ಎಳೆದಳು. ಬಾಗಿ, ಗಂಟಿನ ಬುಡಕ್ಕೆ ಹಲ್ಲು ತಾಗಿಸಿ ದಾರ ಕಡಿದಳು.