ಮೂರನೇ ಪ್ರೂಫು

ಬೆನ್ನಿಗೆ ಎರಡು ಏಟು ಬಿದ್ದ ಮೇಲೆ ಕಂಪ್ಯೂಟರ್ ಗೊರಗೊರ ಅಂದುಕೊಂಡು ಎದ್ದಿತು. ಮಗಳು ಪ್ಲಾಸ್ಟಿಕ್ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಗೋಡೆಯ ಆಚೆ, ನಡುಮನೆಯಲ್ಲಿ, ಅಪ್ಪನ ಹೆಣ ಮಲಗಿತ್ತು.

"ಅಕ್ಕಾ, ಫೋಟೋ ಸಿಕ್ತಾ?" ತಮ್ಮ ಬಾಗಿಲಲ್ಲಿ ನಿಂತು ಕೇಳಿದ. "ಹನ್ನೊಂದಕ್ಕೆ ಗಾಡಿ ಬರುತ್ತೆ. ಅಷ್ಟರೊಳಗೆ ಒಂದು ದೊಡ್ಡ ಪ್ರಿಂಟ್ ಹಾಕಿಸ್ಬೇಕು."

"ಈಗ ಎದ್ದಿದೆ. ಮೊದಲು ಕಣ್ಣು ಬಿಡ್ಲಿ."

"ಹಾಗೇ ಕಂಪ್ಯೂಟರಲ್ಲಿರೋದನ್ನ ಅಳಿಸೋದೂ ಮುಗಿಸ್ಬಿಡು. ಅಪ್ಪ ಕೊನೇವರೆಗೂ ಅದನ್ನೇ ಹೇಳ್ತಿದ್ರಂತೆ. ಅಳಿಸಿ ಆ ಮಗೂಗೆ ಕೊಡಿ ಅಂತ."

"ಹೇಳ್ತಿದ್ದಿದ್ದು ನನಗೆ. ನಿನಗ್ಯಾರು ವರದಿ ಕೊಟ್ಟಿದ್ದು? ನೀನು ಬಂದಿದ್ದು ನಿನ್ನೆ ಸಂಜೆ."

ತಮ್ಮ ವರಾಂಡಕ್ಕೆ ಹೋದ.

ಆ ಮಗು ಅಂದರೆ ಎದುರುಮನೆಯ ನರ್ಸಮ್ಮನ ಮಗಳು. ಹತ್ತು ವರ್ಷದವಳು. ಮೂರು ತಿಂಗಳಿಂದ ನರ್ಸಮ್ಮ ದಿನಕ್ಕೆರಡು ಹೊತ್ತು ಬಂದು ಅಪ್ಪನಿಗೆ ಇಂಜೆಕ್ಷನ್ ಕೊಡುತ್ತಿದ್ದಳು, ಮೈ ಒರೆಸುತ್ತಿದ್ದಳು. ಜೊತೆಗೆ ಬರುತ್ತಿದ್ದ ಮಗು ಕಂಪ್ಯೂಟರಿನ ಮುಂದೆ ಕೂತು ಬಣ್ಣದ ಚಿತ್ರ ಬರೆಯುತ್ತಿತ್ತು. ಅವರು ಬಂದ ಕೂಡಲೇ ಮಗಳು ಬಿಸಿನೀರಿನ ಪಾತ್ರೆಯನ್ನು ಹೊಸ್ತಿಲ ಹತ್ತಿರ ಇಟ್ಟು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನರ್ಸಮ್ಮನ ಜೊತೆ ಅವಳು ಮಾತು ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು.

ಕಂಪ್ಯೂಟರನ್ನು ಆ ಮನೆಗೆ ಕೊಡು ಎಂದು ಅಪ್ಪ ಹೇಳಿದಾಗ ಅವಳಿಗೆ ಮೈಯೆಲ್ಲ ಉರಿದಿತ್ತು. ಆದರೆ ಸಾಯುವವನ ಜೊತೆ ಜಗಳ ಆಡುವುದು ಹೇಗೆ?

ವರಾಂಡದಿಂದ ಕಾಮಾ ಮಾಮನ ದನಿ ಕೇಳುತ್ತಿತ್ತು. ಆತ ಅಪ್ಪನ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಪ್ರೂಫ್ ಓದಿದವನು. ಪ್ರೆಸ್ಸಿನಲ್ಲಿ ಒಬ್ಬ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಮೂಲದ ಮೇಲೆ ಬೆರಳಿಟ್ಟು ನೋಡಬೇಕು. ಓದುವವನು ಕಾಮಾ ಬಂದರೆ ಕಾಮಾ ಅನ್ನಬೇಕು, ಚುಕ್ಕೆ ಬಂದರೆ ಚುಕ್ಕೆ ಅನ್ನಬೇಕು. ಆ ಅಭ್ಯಾಸ ಅವನ ನಾಲಿಗೆಗೆ ಎಷ್ಟು ಅಂಟಿತ್ತೆಂದರೆ, ಔಷಧದ ಚೀಟಿ ಕೈಗೆ ಕೊಟ್ಟರೂ ಕಾಮಾ ಸಮೇತ ಬೀದಿಗೆಲ್ಲ ಕೇಳುವಂತೆ ಓದುತ್ತಿದ್ದ.

"ಇವನ ಕೆಲಸದಲ್ಲಿ ಒಂದಕ್ಷರ ತಪ್ಪು ಹುಡುಕಿ ತೋರ್ಸಿ ನೋಡೋಣ," ಎನ್ನುತ್ತಿದ್ದ ಮಾಮ. "ಕಾಗೆ ಗುಬ್ಬಿ ಕತೆ ಆದ್ರೂ ಮೂರು ಪ್ರೂಫ್ ತೆಗೀದೆ ಬಿಡ್ತಿರ್ಲಿಲ್ಲ ಮಾರಾಯ. ಒಂದು ಹಾಳೆ ಬಿಸಾಡ್ತಿರ್ಲಿಲ್ಲ."

ಅದು ನಿಜ. ಅಪ್ಪ ಏನನ್ನೂ ಬಿಸಾಡುತ್ತಿರಲಿಲ್ಲ. ಹಳೆ ಕಂಪ್ಯೂಟರ್ ಕೆಟ್ಟಾಗ ಅದರ ಹೊಟ್ಟೆಯಲ್ಲಿದ್ದ ಕಡತವನ್ನೆಲ್ಲ ಇದಕ್ಕೆ ತುಂಬಿಸಿದ್ದ. ಪ್ರತಿ ಕೆಲಸಕ್ಕೂ ಒಂದು ಸಂಖ್ಯೆ, ವರ್ಷ, ಗಿರಾಕಿಯ ಹೆಸರು. ಒಳಗೆ ಒಂದನೇ ಪ್ರೂಫ್, ಎರಡನೇ ಪ್ರೂಫ್, ಮೂರನೇ ಪ್ರೂಫ್. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಹೋಟೆಲಿನ ದರಪಟ್ಟಿ. ಕಾಯಿಲೆ ಬಿದ್ದ ಮೇಲೆ ಅವನಿಗೆ ಮೌಸ್ ಹಿಡಿಯಲು ಕೈ ಬರಲಿಲ್ಲ. ಅದಕ್ಕೇ ಮಗಳಿಗೆ ಹೇಳಿದ್ದು. ತೆರೆದು ನೋಡುತ್ತಾ ಕೂರಬೇಡ, ಒಟ್ಟಿಗೆ ಅಳಿಸಿಬಿಡು ಅಂದಿದ್ದ. ಅವಳು ಅದನ್ನು ಮುದುಕನ ಅವಸರ ಅಂದುಕೊಂಡಿದ್ದಳು.

ಫೋಟೋ ಮನೆಯ ಕಡತದಲ್ಲಿರಬಹುದೆಂದು ಗಿರಾಕಿಗಳ ಪಟ್ಟಿಯಲ್ಲಿ 'ಸ್ವಂತ' ಎಂದಿದ್ದುದನ್ನು ಒತ್ತಿದಳು. ಮನೆಯ ಸಾಮಾನಿನ ಚೀಟಿ. ಅಮ್ಮನ ನಿಧನದ ಕಾರ್ಡು. ಅದರ ಕೆಳಗೆ ಇನ್ನೊಂದು ಕೆಲಸ, ಅಮ್ಮ ಸತ್ತ ಆರು ತಿಂಗಳಿಗೆ ಮಾಡಿದ್ದು. ಹೆಸರು: ಪತ್ರ, ಶುಶ್ರೂಷಾ ಶಾಲೆ.

ಅವಳು ಮೂರನೇ ಪ್ರೂಫ್ ತೆರೆದಳು. ಓದಿದಳು. ಆಮೇಲೆ ಒಂದನೆಯದನ್ನೂ ಎರಡನೆಯದನ್ನೂ ಓದಿದಳು.

*

ಹತ್ತೊಂಬತ್ತು ವರ್ಷದ ಹಿಂದೆ ಆ ಬೀದಿಯ ಇಬ್ಬರು ಹುಡುಗಿಯರು ನರ್ಸಿಂಗ್ ಕಲಿಸುವ ಆ ಶುಶ್ರೂಷಾ ಶಾಲೆಗೆ ಒಟ್ಟಿಗೆ ಅರ್ಜಿ ಹಾಕಿದ್ದರು. ಇವಳ ಹೆಸರು ಆಯ್ಕೆಯ ಪಟ್ಟಿಯಲ್ಲಿ ಬಂತು, ಎದುರುಮನೆಯವಳದು ಕಾಯುವ ಪಟ್ಟಿಯ ತಲೆಯಲ್ಲಿ. "ನೀನು ಮೊದಲು ಹೋಗಿ ಜಾಗ ಹಿಡಿ ಕಣೇ, ನಾನು ಹಿಂದೆ ಬರ್ತೀನಿ," ಎಂದು ಅವಳು ನಕ್ಕಿದ್ದಳು.

ಇವಳು ಪೆಟ್ಟಿಗೆ ಕಟ್ಟಿಕೊಂಡು ಹೋದ ದಿನ ಶಾಲೆಯ ಮುಖ್ಯಸ್ಥೆ ಒಳಗೆ ಬಿಡಲಿಲ್ಲ.

"ನಿನಗೆ ಮೂರ್ಛೆರೋಗ ಇದೆಯಂತಲ್ಲ. ಪತ್ರ ಬಂದಿದೆ."

"ಯಾರು ಬರೆದಿದ್ದು?"

"ಹೆಸರಿಲ್ಲ. ನಿಮ್ಮ ಬೀದಿಯವರೇ."

ಹನ್ನೆರಡು ವರ್ಷದವಳಿದ್ದಾಗ ಒಮ್ಮೆ, ಬೆಳಿಗ್ಗೆಯಿಂದ ಏನೂ ತಿನ್ನದೆ ಬಿಸಿಲಲ್ಲಿ ಆಡಿ, ತಲೆ ತಿರುಗಿ ಬಿದ್ದಿದ್ದಳು. ಬಿದ್ದದ್ದು ಎದುರುಮನೆಯ ಅಂಗಳದಲ್ಲಿ. ವೈದ್ಯರ ಚೀಟಿ ತರುವ ಹೊತ್ತಿಗೆ ಸೀಟು ಹೋಗಿತ್ತು. ಯಾರಿಗೆ ಹೋಯಿತೆಂದು ಕೇಳಬೇಕಾಗಿರಲಿಲ್ಲ.

ಪೆಟ್ಟಿಗೆಯ ಮೇಲೆ ಕೂತು ಅಳುತ್ತಿದ್ದ ಮಗಳ ತಲೆ ಸವರಿ ಅಪ್ಪ ಹೇಳಿದ್ದ: "ಬಿಡಮ್ಮ. ಜನಾನೇ ಹಾಗೆ. ಕಣ್ಣೆದುರಿಗೇ ಇರೋರನ್ನೂ ನಂಬೋ ಹಾಗಿಲ್ಲ." ಹಾಗೆನ್ನುವಾಗ ಅವನ ಕಣ್ಣು ಕಿಟಕಿಯ ಆಚೆ, ಎದುರುಮನೆಯ ಬಾಗಿಲ ಮೇಲಿತ್ತು.

ಮರುದಿನದಿಂದ ಅವಳು ಪ್ರೆಸ್ಸಿನಲ್ಲಿ ಕೂತಳು. ಅಕ್ಷರ ಜೋಡಿಸಿದಳು, ಹಾಳೆ ಮಡಿಸಿದಳು, ಅಡುಗೆ ಮಾಡಿದಳು, ತಮ್ಮನಿಗೆ ಶಾಲೆಯ ಡಬ್ಬಿ ಕಟ್ಟಿದಳು. ಅಮ್ಮ ಬಿಟ್ಟು ಹೋದ ಕೆಲಸಕ್ಕೆ ಆ ಮನೆಯಲ್ಲಿ ಒಂದು ಜೊತೆ ಕೈ ಬೇಕಾಗಿತ್ತು. ಸಿಕ್ಕಿತು.

*

ನಾಲ್ಕು ವರ್ಷದ ನಂತರ ಎದುರುಮನೆಯವಳ ಮದುವೆ. ಕಾರ್ಡು ಅಚ್ಚು ಹಾಕಿಸಲು ಅವಳ ಅಪ್ಪ ಇವರ ಪ್ರೆಸ್ಸಿಗೇ ಬಂದರು. ಊರಿನಲ್ಲಿ ಒಬ್ಬನೇ ಮಾಲೀಕನ ಎರಡು ಸಭಾಂಗಣಗಳಿದ್ದವು, ಒಂದು ಊರಿನ ಈ ತುದಿಗೆ, ಇನ್ನೊಂದು ಆ ತುದಿಗೆ. ಮದುವೆ ಹೊಸ ಸಭಾಂಗಣದಲ್ಲಿ. ಅವರು ಮೂರನೇ ಪ್ರೂಫಿಗೆ ಸಹಿ ಹಾಕಿ ಹೋದ ಮೇಲೆ ಮಗಳು 'ಹೊಸ' ಎಂಬುದನ್ನು 'ಹಳೆ' ಮಾಡಿದಳು. ಅಷ್ಟೇ. ಕಾರ್ಡುಗಳನ್ನು ತಾನೇ ಲಕೋಟೆಗೆ ತುಂಬಿ, ಅಂಟಿಸಿ ಕೊಟ್ಟಳು.

ಬಂದವರು ಹಳೆ ಸಭಾಂಗಣದ ಬೀಗ ನೋಡಿಕೊಂಡು ಮನೆಗೆ ಹೋದರು. ಹೊಸದರಲ್ಲಿ ಹುಡುಗಿಯ ಅಪ್ಪ ಬಾಗಿಲಲ್ಲಿ ನಿಂತೇ ಇದ್ದರು. ಗಂಡಿನ ಕಡೆಯವರು ಮುಸಿಮುಸಿ ನಗುತ್ತಿದ್ದರು.

ಮರುದಿನ ಹುಡುಗಿಯ ಅಪ್ಪ ಕಾರ್ಡು ಹಿಡಿದುಕೊಂಡು ಪ್ರೆಸ್ಸಿಗೆ ಬಂದಾಗ ಅಪ್ಪ ಅದನ್ನು ನೋಡಿದ. ನಂತರ ಮಗಳ ಮುಖ ನೋಡಿದ. "ತಪ್ಪು ನನ್ನದು ಸ್ವಾಮಿ," ಎಂದು ಕೈಮುಗಿದ. ಮಗಳನ್ನು ಬೈಯಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಅಪ್ಪ ತನ್ನ ಮಾನ ಕಾಪಾಡಿದ ಎಂದುಕೊಂಡು ಅವಳು ಇಷ್ಟು ವರ್ಷ ಅವನಿಗೆ ದುಡಿದಳು.

*

ಈಗ ಪರದೆಯ ಮೇಲೆ ಮೂರು ಪ್ರೂಫುಗಳು ಪಕ್ಕಪಕ್ಕದಲ್ಲಿದ್ದವು. ಒಂದನೆಯದರಲ್ಲಿ 'ತಲೆಸುತ್ತು'. ಎರಡನೆಯದರಲ್ಲಿ 'ಆಗಾಗ ಮೂರ್ಛೆ'. ಮೂರನೆಯದಕ್ಕೆ ಬರುವಾಗ 'ಮೂರ್ಛೆರೋಗ'. ಮಗಳ ಬಾಳನ್ನು ಮುರಿಯುವ ಪತ್ರವನ್ನೂ ಮುದುಕ ಕ್ರಮವಾಗಿ ತಿದ್ದಿದ್ದ.

ಒಂದು ಗುಂಡಿ ಒತ್ತಿದರೆ ಮುಗಿಯುತ್ತಿತ್ತು. ಪತ್ರ ಹೋಗುತ್ತಿತ್ತು, ಅದರ ಜೊತೆಗೇ ಮದುವೆಯ ಕಾರ್ಡಿನ ವಿಷಯವೂ ಹೋಗುತ್ತಿತ್ತು. ಊರವರ ಪ್ರೆಸ್ಸಪ್ಪ ಒಳ್ಳೆಯವನಾಗಿ ಮಣ್ಣಾಗುತ್ತಿದ್ದ, ಅವನ ಮಗಳು ಒಳ್ಳೆಯ ಮಗಳಾಗಿ ಉಳಿಯುತ್ತಿದ್ದಳು. ಪತ್ರ ಹೊರಗೆ ಬಂದರೆ ನರ್ಸಮ್ಮ ದಡ್ಡಿಯಲ್ಲ, ಎರಡಕ್ಕೆ ಎರಡು ಕೂಡಿಸಿಯೇ ಕೂಡಿಸುತ್ತಾಳೆ.

"ಗಾಡಿ ಬಂತು," ಯಾರೋ ಹೊರಗಿನಿಂದ ಕೂಗಿದರು.

ಮಗಳು ಪ್ರಿಂಟರಿಗೆ ಹಾಳೆ ತುಂಬಿದಳು.

ಅವಳು ನಡುಮನೆಗೆ ಬಂದಾಗ ವರಾಂಡದ ಗಂಡಸರು ಹೆಣ ಎತ್ತಲು ಒಳಗೆ ಬಂದು ನಿಂತಿದ್ದರು. ನರ್ಸಮ್ಮ ಹೆಣದ ತಲೆಯ ಹತ್ತಿರ ಬಗ್ಗಿ ಹೊದಿಕೆ ಸರಿ ಮಾಡುತ್ತಿದ್ದಳು.

"ಮಾಮ, ಒಂದು ಪ್ರೂಫ್ ಇದೆ."

"ಇವತ್ತಾ ತಾಯಿ?" ಎಂದ ಕಾಮಾ ಮಾಮ.

"ಅಪ್ಪಂದೇ ಕೊನೇ ಕೆಲಸ, ಬಾಕಿ ಉಳ್ಕೊಂಡಿತ್ತು. ನೀವು ಓದದೇ ಅವರು ಯಾವ್ದನ್ನ ಬಿಟ್ಟಿದ್ದಾರೆ?"

ಮಾಮನ ಕಣ್ಣು ತುಂಬಿತು. ಕನ್ನಡಕ ಹಾಕಿಕೊಂಡು ಹಾಳೆಯನ್ನು ಮಾರುದೂರ ಹಿಡಿದ. ಹಳೆ ಅಭ್ಯಾಸದಂತೆ ತಲೆಬರಹದಿಂದ ಶುರು ಮಾಡಿದ.

"ಗಿರಾಕಿ, ಸ್ವಂತ. ಪ್ರೂಫ್, ಮೂರು. ಪ್ರತಿ, ಒಂದು."

ಒಬ್ಬಿಬ್ಬರು ನಕ್ಕರು. ಪಾಪ, ಇದನ್ನೂ ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದಾನೆ ನೋಡಿ ಎಂದಿತು ಒಂದು ದನಿ.

"ಮಾನ್ಯರೇ, ಕಾಮಾ. ನಿಮ್ಮ ಶುಶ್ರೂಷಾ ಶಾಲೆಗೆ ಆಯ್ಕೆಯಾಗಿರುವ, ಕಾಮಾ, ನಮ್ಮ ಬೀದಿಯ ಪ್ರೆಸ್ಸಿನವರ ಮಗಳಿಗೆ ಮೂರ್ಛೆರೋಗವಿದೆ, ಚುಕ್ಕೆ. ಮನೆಯವರು ಅದನ್ನು ಮುಚ್ಚಿಟ್ಟಿದ್ದಾರೆ, ಚುಕ್ಕೆ."

ಪ್ರೂಫ್ ಓದುವವನಿಗೆ ಮೊದಲು ಅಕ್ಷರ ಸಿಗುತ್ತದೆ, ಅರ್ಥ ಆಮೇಲೆ. ಮಾಮನ ನಾಲಿಗೆ ಮುಂದೆ ಹೋಗುತ್ತಲೇ ಇತ್ತು.

"ರೋಗಿಗಳ ಜೀವದ ಜೊತೆ ಆಟ ಬೇಡ, ಚುಕ್ಕೆ. ಆ ಸ್ಥಳವನ್ನು ಕಾಯುವ ಪಟ್ಟಿಯಲ್ಲಿರುವ, ಕಾಮಾ, ಅವಳ ಎದುರುಮನೆಯ ಹುಡುಗಿಗೆ..."

ದನಿ ನಿಂತಿತು.

"ಪೂರ್ತಿ ಓದಿ ಮಾಮ. ಅರ್ಧ ಪ್ರೂಫ್ ಓದೋ ಪದ್ಧತಿ ಇದ್ಯಾ ನಮ್ಮಲ್ಲಿ?"

"ಹುಡುಗಿಗೆ ಕೊಟ್ಟರೆ ನ್ಯಾಯವಾಗುತ್ತದೆ," ಮಾಮ ಹಾಳೆಯಿಂದ ಕಣ್ಣೆತ್ತದೆ ಓದಿದ. "ಚುಕ್ಕೆ. ಇಂತಿ, ಕಾಮಾ, ಒಬ್ಬ ಹಿತೈಷಿ."

ತಮ್ಮ ಬಂದು ಹಾಳೆಯನ್ನು ಕಿತ್ತುಕೊಂಡ.

"ಅಕ್ಕಾ, ತಲೆ ಕೆಟ್ಟಿದ್ಯಾ? ಹೆಣದ ಮುಂದೆನಾ ಇದು?"

"ಇನ್ನೆಲ್ಲಿ? ನಾಳೆ ಓದಿಸಿದ್ರೆ ಅವರು ಇರ್ತಿರ್ಲಿಲ್ಲವಲ್ಲ."

"ಅವರು ಹೋಗಿ ಆಯ್ತು."

"ಊರಿಗೆ ಊರೇ ಹೊಗಳ್ತಾ ಇರೋವಾಗ ಎಲ್ಲಿ ಹೋಗಿದ್ದಾರೆ? ಇಲ್ಲೇ ಕೂತಿದ್ದಾರೆ, ದೊಡ್ಡ ಮನುಷ್ಯ. ಈಗ ಹೋಗ್ಲಿ."

ನರ್ಸಮ್ಮ ಎದ್ದು ನಿಂತಳು. ತಮ್ಮನ ಕೈಯಿಂದ ಹಾಳೆ ತೆಗೆದುಕೊಂಡು ತಾನೇ ಒಮ್ಮೆ ಓದಿದಳು.

"ಹತ್ತೊಂಬತ್ತು ವರ್ಷ ಇದನ್ನ ನಾನು ಬರೆದೆ ಅಂತ ನೀನು ಅಂದ್ಕೊಂಡಿದ್ದೆ," ಎಂದಳು.

"ಹೂಂ."

"ಹಾಗಾದ್ರೆ ನನ್ನ ಮದುವೆ ಕಾರ್ಡು?"

ಸುಳ್ಳು ಹೇಳಲು ಮಗಳಿಗೆ ಆಗಲೂ ಜಾಗವಿತ್ತು. ತಪ್ಪನ್ನು ಒಪ್ಪಿಕೊಂಡಿದ್ದವನು ಅಲ್ಲೇ ಬಾಯಿ ಮುಚ್ಚಿ ಮಲಗಿದ್ದ.

"ನಾನೇ," ಎಂದಳು. "ಬೇಕೂಂತಲೇ ಮಾಡಿದ್ದು. ಅವರಿಗೆ ಗೊತ್ತಿತ್ತು."

ನರ್ಸಮ್ಮ ಹೊಡೆಯುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅವತ್ತು ನಮ್ಮಪ್ಪ ಇನ್ನೂರು ಕುರ್ಚಿ ಹಾಕಿಸಿದ್ರು. ಕೂತಿದ್ದು ಹದಿನೇಳು ಜನ. ನಾನು ನಾಲ್ಕು ಜನಕ್ಕೆ ಬೇಕಾಗೋ ಹಾಗೆ ಬದುಕ್ಲಿಲ್ವೇನೋ, ಅದಕ್ಕೇ ಜನ ಬರ್ಲಿಲ್ಲವೇನೋ ಅಂತ ಸಾಯೋವರೆಗೂ ಕೊರಗಿದ್ರು." ಅವಳ ದನಿ ಏರಲಿಲ್ಲ. "ಈ ಮನುಷ್ಯನ ಮೈ ಒರೆಸ್ದೆ ನಾನು. ಮೂರು ತಿಂಗಳು. ಕೈ ಹಿಡ್ಕೊಂಡು, ನೀನು ದೇವತೆ ಕಣಮ್ಮಾ ಅಂತಿದ್ದ. ಮಾತಾಡೋಕೆ ಬಾಯಿತ್ತಲ್ಲ. ಇದನ್ನ ಹೇಳ್ಲಿಲ್ಲ."

"ಕಂಪ್ಯೂಟರ್ ಕೊಡೋಕೆ ಹೇಳ್ದ," ಎಂದಳು ಮಗಳು.

"ಹೌದಲ್ಲ. ಕೊಡು ಮತ್ತೆ. ನನ್ನ ಕೂಲಿ ಅದು, ಬಿಡಲ್ಲ. ಆದ್ರೆ ಪೂರ್ತಿ ಅಳಿಸಿ ಕೊಡು. ನಿಮ್ಮ ಮನೇದು ಒಂದಕ್ಷರ ನಮ್ಮನೆಗೆ ಬರ್ಬಾರ್ದು. ನಿಂದೂ ಅಷ್ಟೇ, ಅವನದೂ ಅಷ್ಟೇ."

ಗಂಡಸರು ಹೆಣ ಎತ್ತಿದರು. ಹೆಣ ಎತ್ತುವಾಗಿನ ನಿಧಾನ ಇರಲಿಲ್ಲ. ಒಲೆ ಮೇಲಿನ ಬಿಸಿ ಪಾತ್ರೆ ಇಳಿಸುವವರ ಹಾಗೆ ಬೇಗ ಬೇಗ ಗಾಡಿಗೆ ಇಟ್ಟರು. ಕಾಮಾ ಮಾಮ ಕನ್ನಡಕವನ್ನು ಒರೆಸುತ್ತಲೇ ಇದ್ದ, ಗಾಡಿ ಹತ್ತಲಿಲ್ಲ. ತಮ್ಮ ಗಾಡಿಯ ಮೆಟ್ಟಿಲ ಮೇಲೆ ನಿಂತು ಹಿಂದೆ ತಿರುಗಿದ.

"ನೀನು ಬರಲ್ವಾ?"

"ನನಗೆ ಇಲ್ಲಿ ಕೆಲಸ ಇದೆ."

"ಫೋಟೋಗಳನ್ನಾದ್ರೂ ಉಳ್ಸು ಅಕ್ಕ. ನನ್ನ ಹತ್ರ ಒಂದೂ ಇಲ್ಲ."

ಅವಳು ಒಳಗೆ ಹೋದಳು. ಎಲ್ಲ ಕಡತಗಳನ್ನೂ ಆರಿಸಿ ಅಳಿಸುವ ಗುಂಡಿ ಒತ್ತಿದಳು. ಇದನ್ನು ಮತ್ತೆ ಪಡೆಯಲು ಸಾಧ್ಯವಿಲ್ಲ, ಮುಂದುವರಿಯಬೇಕೇ ಎಂದು ಪರದೆ ಕೇಳಿತು. ಮುಂದುವರಿದಳು. ಮೂವತ್ತು ವರ್ಷದ ಲಗ್ನಪತ್ರಿಕೆಗಳು ಹೋದವು, ಪ್ರಶ್ನೆಪತ್ರಿಕೆಗಳು ಹೋದವು. ಅಪ್ಪ ಬಿಳಿ ಅಂಗಿ ಹಾಕಿಕೊಂಡು ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದ ಚಿತ್ರ ಹೋಯಿತು, ಅವನ ಮಡಿಲಲ್ಲಿ ಪುಟ್ಟ ತಮ್ಮ ಕೂತಿದ್ದ ಚಿತ್ರವೂ ಹೋಯಿತು. ಪರದೆಯ ಮೇಲೆ ಅಳಿಸುವಿಕೆ ತೋರಿಸುವ ಗೆರೆ ಪೂರ್ತಿ ತುಂಬುವವರೆಗೆ ಅವಳು ಕಣ್ಣು ಕೀಳಲಿಲ್ಲ.

ಮಧ್ಯಾಹ್ನ ಅವಳು ಪರದೆಯನ್ನು ಎದೆಗೆ ಅವುಚಿಕೊಂಡು ಬೀದಿ ದಾಟಿದಳು. ನರ್ಸಮ್ಮ ಬಾಗಿಲು ತೆರೆದಳು, ಒಳಗೆ ಬಾ ಅನ್ನಲಿಲ್ಲ. ಮಗಳು ಪರದೆಯನ್ನು ಹೊಸ್ತಿಲ ಮೇಲಿಟ್ಟು ಮತ್ತೆ ಹೋಗಿ ಉಳಿದ ಭಾಗ ತಂದಳು. ಹುಡುಗಿ ವೈರು ಎಳೆದುಕೊಂಡು ಕೀಬೋರ್ಡ್ ಹೊತ್ತು ಹಿಂದೆಯೇ ಬಂತು.

"ಆಂಟಿ, ಇದರ ಗುಂಡಿಗಳು ಸಿಕ್ಕಾಕ್ಕೊಳ್ತಾವೆ," ಎಂದಿತು.

"ಬೋರಲು ಹಾಕಿ ತಟ್ಟು."

ಹುಡುಗಿ ಮೋರಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಕೀಬೋರ್ಡನ್ನು ಬೋರಲು ಮಾಡಿ ಕಲ್ಲಿಗೆ ತಟ್ಟಿತು. ಬೀಡಿಯ ಬೂದಿ ಉದುರಿತು. ಬಿಸ್ಕತ್ತಿನ ಪುಡಿ, ಕಚ್ಚಿ ಉಗಿದ ಉಗುರಿನ ಚೂರು, ಒಂದೆರಡು ಬಿಳಿ ಕೂದಲು. ಎಲ್ಲ ಮೋರಿಯ ನೀರಿನ ಮೇಲೆ ಬಿದ್ದು ಗಿರಗಿರ ಸುತ್ತಿ ಹೊರಟವು.

"ಛೀ, ಎಷ್ಟೊಂದು ಆಂಟಿ."

"ಇನ್ನೂ ಇದೆ," ಎಂದಳು ಮಗಳು. "ಜೋರಾಗಿ ತಟ್ಟು."