ಜಿಯೋನೆಯ ಖಾಲಿ ಪುಸ್ತಕ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಮಲಾವಿಯ ದೆಡ್ಜಾ ಗುಡ್ಡಗಳ ಈ ಊರುಗಳಲ್ಲಿ ಅದಕ್ಕೆ ಎರಡು ಮಾತಿಲ್ಲ. ಎಂಟು ತಿಂಗಳು ತುಂಬುತ್ತಲೇ ಜಿಯೋನೆ ಗಂಡ ಫಾನುಯೇಲನ ಊರು ಬಿಟ್ಟು ಅಮ್ಮನ ಮನೆಗೆ ಬಂದಳು. ಬರುವಾಗ ಒಂದು ತಪ್ಪು ಮಾಡಿದಳು. ಅವಳಿಗೆ ಎಚ್‌ಐವಿ ಇದೆ, ದಿನಾ ಮಾತ್ರೆ ನುಂಗುತ್ತಾಳೆ ಎಂದು ಸಿಸ್ಟರ್ ಬರೆದಿದ್ದ ಆಸ್ಪತ್ರೆ ಪುಸ್ತಕವನ್ನು ಗಂಡನ ಮನೆಯ ಸೂರಿನ ಹುಲ್ಲಿನಲ್ಲಿ ಸಿಕ್ಕಿಸಿಟ್ಟು, ಅಂಗಡಿಯಲ್ಲಿ ಮಾರುವ ಅಂಥದ್ದೇ ಹೊಸ ಪುಸ್ತಕ ತಂದಳು. ಅದರಲ್ಲಿ ಅವಳ ಹೆಸರು ಬಿಟ್ಟರೆ ಒಂದಕ್ಷರವಿರಲಿಲ್ಲ.

ಗಂಡನಿಗೆ ಎಲ್ಲ ಗೊತ್ತಿತ್ತು. ಅಮ್ಮನಿಗೆ ಗೊತ್ತಾದರೆ ಮುಖ ತೋರಿಸುವುದು ಹೇಗೆ ಎಂಬುದೇ ಅವಳ ಹೆದರಿಕೆ. ತಂದಿದ್ದ ಮಾತ್ರೆ ಮುಗಿದು ಆರು ದಿನವಾಗಿತ್ತು. ನೋವು ಬಂದಾಗ ಹೊಸ ಪುಸ್ತಕ ಹಿಡಿದು ಹೋದರಾಯಿತು ಎಂದುಕೊಂಡಿದ್ದಳು. ಆದರೆ ಹೊಟ್ಟೆಯಲ್ಲಿ ಮಗು ಒದ್ದಾಗಲೆಲ್ಲ, ಇದಕ್ಕೂ ಸೋಂಕು ತಗುಲಿದರೆ ಎಂಬ ಯೋಚನೆ ಬರುತ್ತಿತ್ತು.

ಒಂದು ಬೆಳಗ್ಗೆ ಎಸ್ನಾತ್ ಬಂದಳು. ತವರೂರಿನ ಆಸ್ಪತ್ರೆಯಲ್ಲಿ ಬಸುರಿಯರಿಗೆ ಧೈರ್ಯ ಹೇಳಲೆಂದೇ ಇರುವ ಹೆಂಗಸು. ಅಂಗಳದಲ್ಲಿ ಹಿಟ್ಟು ಬಿಸಿಲಿಗೆ ಹರಡುತ್ತಿದ್ದ ಅಮ್ಮನ ಎದುರು ಅವಳು ಏನೂ ಬಾಯಿಬಿಡಲಿಲ್ಲ.

"ನೀರಿಗೆ ಹೊರಟಿದೀಯಾ ತಂಗಿ? ನಡಿ, ನಾನೂ ಬರ್ತೀನಿ."

ಬೋರ್‌ವೆಲ್ ದಾರಿಯಲ್ಲಿ ಯಾರೂ ಇಲ್ಲದ ಕಡೆ ನಿಂತು ಹೇಳಿದಳು. "ಮಾತ್ರೆ ತಗೊಳ್ಳೋಕೆ ನೀನು ಹೋಗಿಲ್ಲ ಅಂತ ಗಂಡನ ಊರಿನ ಸಿಸ್ಟರು ಫೋನ್ ಮಾಡಿದ್ರು. ಇಲ್ಲಿದೀಯ ಅಂತ ಫಾನುಯೇಲ್ ಹೇಳಿದ್ನಂತೆ. ನೋಡು, ನಾನೂ ಒಂಬತ್ತು ವರ್ಷದಿಂದ ಅದೇ ಮಾತ್ರೆ ನುಂಗ್ತಿದೀನಿ. ಎರಡು ಹೆತ್ತೆ, ಎರಡಕ್ಕೂ ಸೋಂಕಿಲ್ಲ."

"ಆರು ದಿನ ತಪ್ಪಿಸಿದೀನಕ್ಕಾ. ಹಳೇ ಪುಸ್ತಕ ಅಲ್ಲೇ ಬಿಟ್ಟು ಖಾಲಿ ಪುಸ್ತಕ ತಂದಿದೀನಿ. ಸಿಸ್ಟರ್ ಬೈತಾರೆ."

"ಬೈದ್ರೆ ನಾನಿದೀನಿ, ನನ್ನ ಬಾಯಿ ಅವರದಕ್ಕಿಂತ ದೊಡ್ಡದು. ಇವತ್ತೇ ಮತ್ತೆ ಶುರು ಮಾಡು. ವಿಷಯ ಗೊತ್ತಿದ್ರೆ ಹುಟ್ಟಿದ ಕೂಡ್ಲೇ ಮಗುಗೂ ಔಷಧಿ ಕೊಡ್ತಾರೆ. ಖಾಲಿ ಪುಸ್ತಕ ತೋರಿಸಿದ್ರೆ ಅವರಿಗೇನು ಕನಸು ಬೀಳುತ್ತಾ?"

ಮನೆಗೆ ಬಂದು, ಎಸ್ನಾತಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಜಿಯೋನೆ ಅಮ್ಮನಿಗೆ ಎಲ್ಲ ಹೇಳಿಬಿಟ್ಟಳು. ಅಮ್ಮ ನಂಬಲಿಲ್ಲ.

"ಇವಳಿಗೆಂಥ ಕಾಯಿಲೆ? ತುಂಬಿದ ಬಿಂದಿಗೆ ತಲೆ ಮೇಲೆ ಹೊತ್ತು ತರ್ತಾಳೆ. ನನ್ನ ಪಾಲಿನ ನ್ಸಿಮಾ ಮುದ್ದೆನೂ ಇವಳೇ ಮುಗಿಸ್ತಾಳೆ."

"ಮಾತ್ರೆ ನುಂಗಿದ್ದಕ್ಕೇ ಹೀಗೆ ಗಟ್ಟಿಯಾಗಿರೋದು ದೊಡ್ಡಮ್ಮ," ಎಂದಳು ಎಸ್ನಾತ್.

"ಪುಸ್ತಕದಲ್ಲಿ ಏನೂ ಬರೆದಿಲ್ವಲ್ಲ?"

"ನಿಜವಾದ ಪುಸ್ತಕ ಬಚ್ಚಿಟ್ಟು ಬಂದೆ ಅಮ್ಮ."

"ಯಾರಿಗೆ ಹೆದರಿ?"

"ನಿಂಗೆ."

ಅಮ್ಮ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. "ನನಗೆ ಹೆದರಿ ಮಗುನ ಅಪಾಯಕ್ಕೆ ತಳ್ತಿದ್ಯಾ? ಏಳು, ಆಸ್ಪತ್ರೆ ಮುಚ್ಚೋದ್ರೊಳಗೆ ಹೋಗೋಣ."

ಸಿಸ್ಟರ್ ಬೈಯಲಿಲ್ಲ. ಮಾತ್ರೆ ಕೊಟ್ಟು, ಖಾಲಿ ಪುಸ್ತಕದಲ್ಲಿ ಎಲ್ಲವನ್ನೂ ಬರೆದರು. ಮುಂದಿನ ತಿಂಗಳು ಆಸ್ಪತ್ರೆಯಲ್ಲೇ ಹೆಣ್ಣುಮಗು ಹುಟ್ಟಿತು. ಆರು ವಾರ ಮಗುವಿಗೂ ಔಷಧಿ ಕುಡಿಸಿ, ರಕ್ತ ಪರೀಕ್ಷೆಗೆ ಕೊಟ್ಟರು. ಫಲಿತಾಂಶ ಬರುವವರೆಗೆ ಜಿಯೋನೆಗೆ ಊಟ ಸೇರಲಿಲ್ಲ.

"ಮಗುವಿಗೆ ಸೋಂಕಿಲ್ಲ," ಎಂದರು ಸಿಸ್ಟರ್. "ಆದ್ರೆ ಹಾಲು ಬಿಡಿಸೋವರೆಗೂ ಪರೀಕ್ಷೆಗೆ ಕರೆದಾಗೆಲ್ಲ ಬರಬೇಕು. ನಿನ್ನ ಮಾತ್ರೆ ಯಾವತ್ತೂ ನಿಲ್ಲಿಸಬಾರದು."

ಜಿಯೋನೆಗೆ ಎಷ್ಟೋ ತಿಂಗಳ ಮೇಲೆ ಉಸಿರು ಹಗುರವಾಯಿತು. "ನಿಲ್ಲಿಸ್ತಾಳಾ? ನಾನೇ ಬಾಯಿಗೆ ಹಾಕ್ತೀನಿ," ಎಂದು ಅಮ್ಮ ಮೊಮ್ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಮುಂದೆ ನಡೆದಳು.

ಅಕ್ಕತಂಗಿಯರೇ, ಊರು ಬದಲಿಸುವ ಮುಂಚೆ ನಿಮ್ಮ ಸಿಸ್ಟರಿಗೆ ತಿಳಿಸಿ, ಮಾತ್ರೆ ತೆಗೆದುಕೊಂಡೇ ಹೊರಡಿ. ನಡುವೆ ತಪ್ಪಿಹೋಗಿದ್ದರೆ ನಾಚಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ. ಅಮ್ಮಂದಿರೇ, ನಿಮಗೂ ಒಂದು ಮಾತು. ಮಗಳು ಹೇಳಲು ಬಾಯಿ ತೆರೆದಾಗ ನೀವು ಬೈದರೆ, ಇನ್ನೊಮ್ಮೆ ಅವಳು ಬಾಯಿ ತೆರೆಯುವುದಿಲ್ಲ. ಕೇಳಿಸಿಕೊಳ್ಳಿ, ಕೈ ಹಿಡಿದು ಅವಳ ಜೊತೆ ನಡೆಯಿರಿ.