ಮೂವತ್ತೊಂದರ ಎಡಗಾಲು

ನಾಟಕ ಕಂಪನಿಯ ಎರಡು ತಂತ್ರಾಂಶಗಳನ್ನು ಜೋಡಿಸುವ ಕೆಲಸ ಅವಳ ತಲೆಗೆ ಬಂದಿತ್ತು. ಒಂದು ನಟರದ್ದು, ಇನ್ನೊಂದು ರಂಗದ ಸಾಮಾನುಗಳದ್ದು. ಎರಡರಲ್ಲೂ ಬರೀ ಸಂಖ್ಯೆಗಳು. ಪ್ರತಿ ಸಂಖ್ಯೆಯ ಮುಂದೆ ಅದು ಯಾವ ಬಗೆಯದ್ದೆಂದು ಸೇರಿಸೋಣ, ‘ನಟ-೩೧’, ‘ಸಾಮಾನು-೩೧’ ಅಂತ, ಎಂದು ಅವಳು ಮೊದಲೇ ಹೇಳಿದ್ದಳು. ಮ್ಯಾನೇಜರು ಕಿವಿಗೆ ಹಾಕಿಕೊಳ್ಳಲಿಲ್ಲ.

“ಸಂಖ್ಯೆ ಅಂದ್ರೆ ಸಂಖ್ಯೆ. ಅದಕ್ಕೂ ಮನೆತನದ ಹೆಸರು ಬೇಕಾ?”

ಅವಳು ಹಾಗೆಯೇ ಜೋಡಿಸಿಕೊಟ್ಟಳು.

ಸಾಮಾನುಗಳಲ್ಲಿ ಮೂವತ್ತೊಂದು ಅಂದರೆ ಸಿಂಹಾಸನ. ನಟರಲ್ಲಿ ಮೂವತ್ತೊಂದು ಅವಳ ಸ್ವಂತ ಸೋದರಮಾವ. ರಾಜನ ಪಾತ್ರಕ್ಕೆ ತನ್ನನ್ನು ಬಿಟ್ಟರಿಲ್ಲ ಎಂದು ತಾನೇ ಹೇಳಿಕೊಂಡು ತಿರುಗುವವನು. ಒಂದು ಸಲ ಸೀನಿದರೂ ಉಯಿಲು ಬರೆಸಲು ಓಡುವ ಜೀವ. ಮರುದಿನ ಅವನ ಫೋನಿಗೆ ತಂತ್ರಾಂಶದಿಂದ ಸಂದೇಶ ಬಂತು: ‘೩೧: ಎಡಗಾಲು ಸಡಿಲ. ಬಡಗಿ ಮೊಳೆ ಹೊಡೆಯುತ್ತಾನೆ. ಸರಿಹೋಗದಿದ್ದರೆ ಗುಜರಿಗೆ.’

ಮಾವ ಕುಂಟುತ್ತಾ ಅವಳ ಮೇಜಿನ ಹತ್ತಿರ ಬಂದ. ಅದು ಸಿಂಹಾಸನದ ಕಾಲು ಎಂದು ಅವಳು ಎಷ್ಟು ಹೇಳಿದರೂ ನಂಬಲಿಲ್ಲ.

“ಓದಿದ ಮೇಲೆ ಅಲ್ಲಾಡಿಸಿ ನೋಡ್ಕೊಂಡೆ ಕಣೇ. ನಿಜವಾಗ್ಲೂ ಸಡಿಲ ಇದೆ.”

ಅವನನ್ನು ಕೂರಿಸಿ, ಮ್ಯಾನೇಜರನ್ನು ಕರೆದುಕೊಂಡು ಅವಳು ಮರಗೆಲಸದ ಕೋಣೆಗೆ ಹೋದಳು. ಅಲ್ಲಿ ಬಡಗಿ ಬಿಸಿನೀರಿನ ಫ್ಲಾಸ್ಕ್ ಹಿಡಿದು ಸಿಂಹಾಸನವನ್ನೇ ದಿಟ್ಟಿಸುತ್ತಿದ್ದ. ಅವನಿಗೆ ಬಂದಿದ್ದ ಸಂದೇಶ: ‘೩೧: ಗಂಟಲು ಕಟ್ಟಿದೆ. ಬಿಸಿನೀರು ಕುಡಿಸಿ. ಮಾತಾಡಿಸಬೇಡಿ.’

“ಮಾತಾಡಿಸಿಲ್ಲ ಮೇಡಂ,” ಎಂದ ಬಡಗಿ. “ಕುಡಿಸೋದು ಯಾವ ಕಡೆಯಿಂದ ಅಂತ ಮಾತ್ರ ತಿಳೀತಿಲ್ಲ.”

ಮ್ಯಾನೇಜರು ಕೆಮ್ಮಿ, ಮನೆತನದ ಹೆಸರು ಸೇರಿಸಿಬಿಡಿ ಎಂದರು.

ಅವಳು ಸೇರಿಸಿದಳು. ಈಗ ನಟ ಇರಬೇಕಾದ ಕಡೆ ಸಾಮಾನು ಬಂದರೆ ತಂತ್ರಾಂಶ ಮುಲಾಜಿಲ್ಲದೆ ತಳ್ಳಿಬಿಡುತ್ತಿತ್ತು. ತಕರಾರು ಎದ್ದದ್ದು ನಾಟಕದ ನಾಯಿಯಿಂದ. ದುಡ್ಡು ಕೊಟ್ಟು ತಂದದ್ದು, ಆದ್ದರಿಂದ ಸಾಮಾನು ಎಂದರು ಮ್ಯಾನೇಜರು. ದಿನಾ ಚಪ್ಪಾಳೆ ಗಿಟ್ಟಿಸುತ್ತದೆ, ಆದ್ದರಿಂದ ನಟ ಎಂದ ಬಡಗಿ. ನಾಯಿಯ ಜೊತೆ ಒಂದೇ ಪಂಕ್ತಿಗೆ ತಾನು ಸೇರುವುದಿಲ್ಲ ಎಂದು ಮಾವ ಹಟ ಹಿಡಿದ. ಕೊನೆಗೆ ಅವಳು ‘ಪ್ರಾಣಿ’ ಎಂಬ ಮೂರನೇ ಬಗೆ ಮಾಡಿ, ನಾಯಿಗೆ ‘ಪ್ರಾಣಿ-೧’ ಎಂದು ಕೊಟ್ಟಳು.

ಮಾವನ ಮುಖ ಊದಿತು.

“ಇಷ್ಟು ವರ್ಷ ದುಡಿದ ನಾನು ಮೂವತ್ತೊಂದು, ನಿನ್ನೆ ಬಂದಿದ್ದು ಒಂದಾ?”

ಅವಳು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರು ಅವನ ಹೆಗಲ ಮೇಲೆ ಕೈಹಾಕಿದರು. ಬರೀ ಸಂಖ್ಯೆ ನೋಡಬಾರದು, ಅದರ ಹಿಂದುಮುಂದೂ ನೋಡಬೇಕು ಎಂದು, ಜನ್ಮವಿಡೀ ತಾವು ಇದನ್ನೇ ಸಾರಿಕೊಂಡು ಬಂದವರ ಹಾಗೆ, ಬಿಡಿಸಿ ಬಿಡಿಸಿ ಹೇಳತೊಡಗಿದರು.